ನಷ್ಟದ ಖಾತೆಗೆ ಬಾರದ ನಷ್ಟ

ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೆಯ ಹಂತದಲ್ಲಿರುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗಕ್ಕೆ ನಾನು ಸೇರಿದ್ದು 2006ರಲ್ಲಿ. ಹೈಡ್ರಾಲಿಕ್ ವಾಲ್ವ್‌ಗಳ ಒಳಗೆ ಕೂರುವ ಸ್ಪೂಲ್, ಸ್ಲೀವ್‌ನಂತಹ ಬಿಡಿಭಾಗಗಳನ್ನು ತಯಾರಿಸಿ ಅಮೆರಿಕ ಮತ್ತು ಜರ್ಮನಿಯ ಗ್ರಾಹಕರಿಗೆ ಕಳುಹಿಸುವುದು ನಮ್ಮ ಕಾರ್ಖಾನೆಯ ಕೆಲಸ. ಅದಕ್ಕೆ ಬೇಕಾದ ವಿಶೇಷ ಮಿಶ್ರಲೋಹದ ಸರಳುಗಳನ್ನೂ ಕಾರ್ಬೈಡ್ ಇನ್ಸರ್ಟ್‌ಗಳನ್ನೂ ಹೊರದೇಶದಿಂದಲೇ ತರಿಸಿಕೊಳ್ಳುತ್ತೇವೆ. ಇನ್‌ವಾಯ್ಸ್, ಷಿಪ್ಪಿಂಗ್ ಬಿಲ್, ಪ್ಯಾಕಿಂಗ್ ಕ್ರೆಡಿಟ್ (ಸರಕು ಕಳುಹಿಸುವ ಮೊದಲು ಬ್ಯಾಂಕು ಕೊಡುವ ಸಾಲ), ಡ್ರಾಬ್ಯಾಕ್ (ರಫ್ತಿನ ಮೇಲೆ ಮರಳಿ ಸಿಗುವ ಸುಂಕ) ಎಂಬ ನಾಲ್ಕು ಬಗೆಯ ಕಡತಗಳು ನನ್ನ ಮೇಜಿನ ಮೇಲೆ ಮೊದಲ ದಿನದಿಂದಲೂ ಇದ್ದವು. ಐದನೆಯದಾದ ವಿನಿಮಯ ದರದ ಕಡತವನ್ನು ನಾನು ತೆರೆದದ್ದು ಬಹಳ ತಡವಾಗಿ, ಅದೂ ಪೆಟ್ಟು ತಿಂದ ಮೇಲೆ.

ನಮ್ಮ ಯಜಮಾನರು ಬೆಳಿಗ್ಗೆ ಕಚೇರಿಗೆ ಬಂದ ಕೂಡಲೇ ಕೇಳುತ್ತಿದ್ದ ಪ್ರಶ್ನೆ ಒಂದೇ: "ಏನಮ್ಮ, ಇವತ್ತು ಡಾಲರ್ ಎಷ್ಟು?" ನಾನು ಹೇಳಿದ ಅಂಕಿ ನಿನ್ನೆಗಿಂತ ಹೆಚ್ಚಾಗಿದ್ದರೆ ಅವರ ಮುಖ ಅರಳುತ್ತಿತ್ತು, ಕಡಿಮೆಯಾಗಿದ್ದರೆ ಕಾಫಿ ತಣ್ಣಗಾಗುತ್ತಿತ್ತು. ರಫ್ತುದಾರರಿಗೆ ರೂಪಾಯಿ ಬಿದ್ದರೆ ಒಳ್ಳೆಯದು, ಏರಿದರೆ ಕೆಟ್ಟದ್ದು ಎಂಬ ನಂಬಿಕೆ ಪೀಣ್ಯದ ಶೆಡ್‌ಗಳಿಂದ ಪತ್ರಿಕೆಗಳ ವಾಣಿಜ್ಯ ಪುಟದವರೆಗೂ ಹರಡಿಕೊಂಡಿದೆ. ಆ ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ದರ ಎಷ್ಟಿದೆ ಎನ್ನುವುದು ಒಂದು ಪ್ರಶ್ನೆ, ದರ ಎಷ್ಟು ಅಲುಗಾಡುತ್ತಿದೆ ಎನ್ನುವುದು ಬೇರೆಯೇ ಪ್ರಶ್ನೆ. ಇವೆರಡನ್ನು ಬೇರ್ಪಡಿಸಿ ನೋಡಲು ಕಲಿಯುವುದಕ್ಕೆ ನನಗೆ ಏಳೆಂಟು ವರ್ಷ ಹಿಡಿಯಿತು.

ಮೊದಲು ಕಾಲದ ಲೆಕ್ಕವನ್ನು ಹೇಳಬೇಕು, ಏಕೆಂದರೆ ಏರಿಳಿತದ ತೊಂದರೆ ಹುಟ್ಟುವುದೇ ಅಲ್ಲಿ. ಜರ್ಮನಿಯ ಗ್ರಾಹಕರೊಬ್ಬರು ನಕ್ಷೆ ಕಳುಹಿಸಿ ಬೆಲೆ ಕೇಳುತ್ತಾರೆ. ನಾವು ಕೊಟೇಷನ್ ಕೊಟ್ಟು, ಅವರು ಒಪ್ಪಿ, ಆರ್ಡರ್ ಕೈಗೆ ಬರುವಷ್ಟರಲ್ಲಿ ಹದಿನೈದು ಇಪ್ಪತ್ತು ದಿನ ಕಳೆದಿರುತ್ತದೆ. ಸರಳು ತರಿಸಿ, ಕಡೆದು, ಉಷ್ಣೋಪಚಾರಕ್ಕೆ ಕಳುಹಿಸಿ, ಗ್ರೈಂಡಿಂಗ್ ಮುಗಿಸಿ, ತಪಾಸಣೆ ಮಾಡಿ ಪೆಟ್ಟಿಗೆಗೆ ತುಂಬುವುದಕ್ಕೆ ಎರಡು ತಿಂಗಳು ಬೇಕು. ಪೆಟ್ಟಿಗೆಗಳು ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಚೆನ್ನೈ ಬಂದರು ಸೇರಿ, ಹಡಗೇರಿ, ಯೂರೋಪಿನ ಬಂದರು ತಲುಪುವುದಕ್ಕೆ ಒಂದು ತಿಂಗಳ ಮೇಲಾಗುತ್ತದೆ. ಅದರ ಮೇಲೆ ಅರವತ್ತು ದಿನದ ಸಾಲದ ಗಡುವು. ಹೀಗೆ ಬೆಲೆ ಹೇಳಿದ ದಿನಕ್ಕೂ ಹಣ ಬ್ಯಾಂಕಿಗೆ ಬಂದ ದಿನಕ್ಕೂ ನಡುವೆ ಹೆಚ್ಚುಕಡಿಮೆ ಆರು ತಿಂಗಳು ಕಳೆದಿರುತ್ತದೆ. ಬೆಲೆ ಹೇಳುವಾಗ ನಾವು ಹಾಕಿಕೊಂಡ ಲಾಭಾಂಶ ಶೇಕಡಾ ಏಳೋ ಎಂಟೋ ಇರುತ್ತದೆ. ಆ ಆರು ತಿಂಗಳಲ್ಲಿ ದರ ಶೇಕಡಾ ಹತ್ತು ಅತ್ತಿತ್ತ ಆದರೆ, ಯಂತ್ರದ ಮುಂದೆ ನಿಂತ ಕೆಲಸಗಾರರ ಕೌಶಲಕ್ಕೂ ನಮ್ಮ ಕೊನೆಯ ಲಾಭಕ್ಕೂ ಯಾವ ಸಂಬಂಧವೂ ಉಳಿಯುವುದಿಲ್ಲ.

ನಾನು ಸೇರಿದ ಮರುವರ್ಷವೇ, ಅಂದರೆ 2007ರಲ್ಲಿ, ಇದರ ಮೊದಲ ಪಾಠ ಸಿಕ್ಕಿತ್ತು. ವರ್ಷದ ಆರಂಭದಲ್ಲಿ 44 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ ವರ್ಷಾಂತ್ಯಕ್ಕೆ 39 ರೂಪಾಯಿ ಚಿಲ್ಲರೆಗೆ ಇಳಿಯಿತು. ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳೂ ತಿರುಪ್ಪೂರಿನ ಹೆಣಿಗೆ ಘಟಕಗಳೂ ಕಂಗಾಲಾದವು. ರೂಪಾಯಿ ಇನ್ನೂ ಬಲಗೊಳ್ಳುತ್ತದೆ ಎಂಬ ಭಯದಲ್ಲಿದ್ದ ರಫ್ತುದಾರರಿಗೆ ಆಗ ಬ್ಯಾಂಕುಗಳು 'ಖರ್ಚಿಲ್ಲದ ರಕ್ಷಣೆ' ಎಂದು ಹೇಳಿ ಕರೆನ್ಸಿಗಳ ಮುಂದಿನ ದರದ ಮೇಲೆ ನಿಂತ, ಡೆರಿವೇಟಿವ್ ಎಂಬ ಜಟಿಲವಾದ ಕರಾರುಗಳನ್ನು ಮಾರಿದವು. ಸ್ವಿಸ್ ಫ್ರಾಂಕಿನಲ್ಲಾಗಲಿ ಜಪಾನಿನ ಯೆನ್ನಿನಲ್ಲಾಗಲಿ ಒಂದು ಬಿಲ್ಲನ್ನೂ ಮಾಡದವರು ಆ ಕರೆನ್ಸಿಗಳ ಮೇಲೆ ಸಹಿ ಹಾಕಿ ಕುಳಿತರು. 2008ರ ಕೊನೆಗೆ ಡಾಲರ್ 50ಕ್ಕೆ ಏರಿತು, ಅನೇಕ ಕರಾರುಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ನಮ್ಮ ಯಜಮಾನರು ಅಂಥ ಯಾವುದಕ್ಕೂ ಸಹಿ ಹಾಕಲಿಲ್ಲ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬಾರದು ಎಂಬ ಹಳೆಯ ಬುದ್ಧಿ ನಮ್ಮನ್ನು ಕಾಪಾಡಿತು. ಹೀಗಾಗಿ ಆ ಎರಡು ವರ್ಷಗಳ ಪೆಟ್ಟು ನಮಗೆ ತಟ್ಟಿಯೂ ತಟ್ಟದಂತಿತ್ತು, ಪಾಠವೂ ಅಷ್ಟಕ್ಕಷ್ಟೇ ಆಯಿತು.

ನಿಜವಾದ ಪಾಠ ಸಿಕ್ಕಿದ್ದು 2013ರಲ್ಲಿ. ಅದರಲ್ಲಿ ತಪ್ಪು ನನ್ನದೇ.

ಆ ಹೊತ್ತಿಗೆ ನಾವು ಸರಳವಾದ ಫಾರ್ವರ್ಡ್ ಬುಕಿಂಗ್ ಮಾಡಲು ಶುರು ಮಾಡಿದ್ದೆವು. ಮೂರು ತಿಂಗಳ ನಂತರ ಬರುವ ಡಾಲರನ್ನು ಇಂದೇ ಗೊತ್ತುಮಾಡಿದ ದರಕ್ಕೆ ಬ್ಯಾಂಕಿಗೆ ಮಾರುವ ಕರಾರು ಅದು. ಭಾರತದ ಬಡ್ಡಿ ದರ ಅಮೆರಿಕದ್ದಕ್ಕಿಂತ ಹೆಚ್ಚಿರುವುದರಿಂದ ಫಾರ್ವರ್ಡ್ ದರ ಇಂದಿನ ದರಕ್ಕಿಂತ ಸ್ವಲ್ಪ ಮೇಲಿರುತ್ತದೆ, ಆ ಪ್ರೀಮಿಯಂ ರಫ್ತುದಾರನ ಪಾಲಿಗೆ ಬರುತ್ತದೆ. ಮೇ ತಿಂಗಳ ಮೂರನೆಯ ವಾರದಲ್ಲಿ ನಾನು ಆಗಸ್ಟ್ ಕೊನೆಗೆ ಬರಬೇಕಿದ್ದ 2,00,000 ಡಾಲರುಗಳನ್ನೂ 56.40ರ ದರಕ್ಕೆ ಬುಕ್ ಮಾಡಿದೆ. ಎಲ್ಲವನ್ನೂ ಭದ್ರಪಡಿಸಿದೆನೆಂಬ ಸಮಾಧಾನದಲ್ಲಿ ಆ ಸಂಜೆ ಬೇಗ ಮನೆಗೆ ಹೋದದ್ದು ಈಗಲೂ ನೆನಪಿದೆ. ಅದೇ ತಿಂಗಳ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ ಅವರು ಮಾರುಕಟ್ಟೆಗೆ ಹಣ ಹರಿಸುತ್ತಿದ್ದ ಬಾಂಡ್ ಖರೀದಿಯನ್ನು ಮುಂದೆ ತಗ್ಗಿಸಬಹುದೆಂಬ ಸೂಚನೆಯನ್ನು ಅಲ್ಲಿನ ಸಂಸತ್ತಿನ ಮುಂದೆ ಕೊಟ್ಟರು. ವಿದೇಶಿ ಹೂಡಿಕೆದಾರರು ಭಾರತ, ಬ್ರೆಜಿಲ್, ಇಂಡೋನೇಷ್ಯಾ, ಟರ್ಕಿ, ದಕ್ಷಿಣ ಆಫ್ರಿಕಗಳಿಂದ ಹಣ ಹಿಂತೆಗೆಯತೊಡಗಿದರು. ರೂಪಾಯಿ ಜೂನಿನಲ್ಲಿ ಜಾರಿತು, ಜುಲೈನಲ್ಲಿ ಜಾರಿತು, ಆಗಸ್ಟಿನಲ್ಲಿ ಬಿದ್ದೇ ಹೋಯಿತು.

ಆಗಸ್ಟ್ 28ರ ಬುಧವಾರ ಡಾಲರ್ 68 ದಾಟಿತು. ಅಂದು ಯಜಮಾನರು ಪ್ರಶ್ನೆ ಕೇಳುವುದಕ್ಕೆ ಬದಲಾಗಿ ತಾವೇ ಉತ್ತರ ಹೇಳಿಕೊಂಡು ಒಳಗೆ ಬಂದರು. "ಅರವತ್ತೆಂಟಂತಲ್ಲಮ್ಮ! ಈ ಸಲ ನಮಗೆ ಸುಗ್ಗಿ." ನನ್ನ ಮುಂದೆ ಆ ದಿನ ಪಾವತಿಸಲೇಬೇಕಿದ್ದ ಆಮದು ಬಿಲ್ಲೊಂದಿತ್ತು, ಮೊತ್ತ 80,000 ಡಾಲರ್. ಬ್ಯಾಂಕಿನವರು ಫೋನಿನಲ್ಲಿ ಹೇಳಿದ ದರ 68 ರೂಪಾಯಿ. ಅದೇ ವಾರ ಬಂದಿದ್ದ ನಮ್ಮ ರಫ್ತಿನ 2,00,000 ಡಾಲರುಗಳನ್ನು ಕರಾರಿನಂತೆ ಅದೇ ಬ್ಯಾಂಕಿಗೆ 56.40ಕ್ಕೆ ಒಪ್ಪಿಸಿಯಾಗಿತ್ತು. ಒಂದೇ ಬ್ಯಾಂಕಿಗೆ, ಒಂದೇ ವಾರದಲ್ಲಿ, ನಾವು 56.40ಕ್ಕೆ ಡಾಲರ್ ಮಾರಿ 68ಕ್ಕೆ ಡಾಲರ್ ಕೊಂಡಿದ್ದೆವು.

ಯಜಮಾನರು ಕೂತರು. ನನ್ನ ಮೇಜಿನ ಮೇಲಿದ್ದ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುವಿ ಹಾಕಿ, ಪೆನ್ಸಿಲಿನಲ್ಲಿ ತಾವೇ ಲೆಕ್ಕ ಬರೆದರು. 68ರಲ್ಲಿ 56.40 ಕಳೆದರೆ 11.60, ಅದನ್ನು 80,000ದಿಂದ ಗುಣಿಸಿದರೆ 9,28,000 ರೂಪಾಯಿ. ಅವರು ಬೈಯಲಿಲ್ಲ. "ಆ ಎಂಬತ್ತು ಸಾವಿರ ನಮ್ಮ ಹತ್ರಾನೇ ಇತ್ತಲ್ಲಮ್ಮ" ಎಂದಷ್ಟೇ ಹೇಳಿದರು. ಮೊದಲ ಬಾರಿಗೆ ನನಗೆ ವಿಷಯ ಪೂರ್ತಿ ಹೊಳೆದದ್ದು ಆ ಒಂದು ಮಾತಿನಿಂದ.

ಬುಕ್ ಮಾಡಿದ್ದು ತಪ್ಪಾಗಿರಲಿಲ್ಲ. ಎಷ್ಟನ್ನು ಬುಕ್ ಮಾಡಿದೆ ಎನ್ನುವುದು ತಪ್ಪಾಗಿತ್ತು. ಬರುವ 2,00,000ದಲ್ಲಿ 80,000 ಹೇಗೂ ಡಾಲರಾಗಿಯೇ ಹೊರಗೆ ಹೋಗಬೇಕಿದ್ದ ಹಣ. ರಫ್ತಿನಿಂದ ಬಂದ ವಿದೇಶಿ ಹಣವನ್ನು ರೂಪಾಯಿಗೆ ಬದಲಿಸದೆ ಇಟ್ಟುಕೊಳ್ಳಲು ಇಇಎಫ್‌ಸಿ ಎಂಬ ಖಾತೆಯಿದೆ. ಅಲ್ಲಿಗೆ ಬಂದ ಹಣವನ್ನು ಮುಂದಿನ ತಿಂಗಳ ಕೊನೆಯೊಳಗೆ ಬಳಸಬೇಕು ಅಥವಾ ರೂಪಾಯಿಗೆ ಬದಲಿಸಬೇಕು. ಆ ಎಂಬತ್ತು ಸಾವಿರವನ್ನು ಅಲ್ಲಿ ಇಟ್ಟುಕೊಂಡಿದ್ದರೆ ಡಾಲರ್ 68 ಆದರೂ 48 ಆದರೂ ನಮಗೆ ಲೆಕ್ಕಕ್ಕಿರಲಿಲ್ಲ. ನಮ್ಮ ನಿಜವಾದ ಅಪಾಯ ಉಳಿದ 1,20,000 ಡಾಲರಿನದಷ್ಟೇ. ಒಟ್ಟು ಮೊತ್ತವನ್ನು ಬುಕ್ ಮಾಡುವ ಮೂಲಕ, ತಾನಾಗಿಯೇ ಇದ್ದ ಒಂದು ರಕ್ಷಣೆಯನ್ನು ನಾನೇ ಕಿತ್ತುಹಾಕಿ, ಅಪಾಯವನ್ನು ತಗ್ಗಿಸುತ್ತಿದ್ದೇನೆಂದು ಭಾವಿಸಿಕೊಂಡು ಹೆಚ್ಚಿಸಿದ್ದೆ. ಇದು ನಮ್ಮ ಕಾರ್ಖಾನೆಗೆ ಮಾತ್ರವಲ್ಲ, ದೇಶಕ್ಕೂ ಹೊಂದುವ ಮಾತು. ಆಮದು ಮಾಡಿದ ಕಚ್ಚಾವಸ್ತುವಿನಿಂದ ರಫ್ತಿನ ಸರಕು ತಯಾರಾಗುವ ದೇಶದಲ್ಲಿ ರೂಪಾಯಿ ಬಿದ್ದಾಗ ಒಂದು ಕೈಗೆ ಬಂದದ್ದು ಇನ್ನೊಂದು ಕೈಯಿಂದ ಹೋಗುತ್ತದೆ. ನಮ್ಮ ಉಕ್ಕಿನ ಸರಳಿಗೆ ಅದು ಎಷ್ಟು ನಿಜವೋ ಸೂರತ್ತಿನ ವಜ್ರಕ್ಕೂ ಜಾಮ್‌ನಗರದಲ್ಲಿ ಸಂಸ್ಕರಿಸಿದ ತೈಲಕ್ಕೂ ಅಷ್ಟೇ ನಿಜ.

ಅದೇ ಮಳೆಗಾಲದಲ್ಲಿ ಇನ್ನೊಂದು ಖರ್ಚೂ ಸದ್ದಿಲ್ಲದೆ ಸೇರಿಕೊಂಡಿತು. ರೂಪಾಯಿಯ ಕುಸಿತವನ್ನು ತಡೆಯಲು ರಿಸರ್ವ್ ಬ್ಯಾಂಕು ಜುಲೈ 15ರಂದು ಬ್ಯಾಂಕುಗಳಿಗೆ ತಾನು ತುರ್ತಾಗಿ ಕೊಡುವ ಹಣದ ಬಡ್ಡಿಯನ್ನು ಒಮ್ಮೆಲೇ ಎರಡು ಅಂಶ ಏರಿಸಿ ಶೇಕಡಾ 10.25ಕ್ಕೆ ತಂದಿತು. ದರವನ್ನು ಶಾಂತಗೊಳಿಸುವ ಔಷಧಿಯ ಬಿಲ್ಲು ಕೆಲವೇ ವಾರಗಳಲ್ಲಿ ನಮ್ಮ ದುಡಿಮೆ ಬಂಡವಾಳದ ಸಾಲದ ಬಡ್ಡಿಯ ರೂಪದಲ್ಲಿ ನನ್ನ ಮೇಜಿಗೆ ಬಂತು.

ಸೆಪ್ಟೆಂಬರಿನಲ್ಲಿ ಅಮೆರಿಕದ ಗ್ರಾಹಕರಿಂದ ಒಂದು ವಿನಯದ ಪತ್ರ ಬಂತು. ನಿಮ್ಮ ರೂಪಾಯಿ ಇಷ್ಟು ಬಿದ್ದಿರುವಾಗ ನಿಮಗೆ ಲಾಭ ಬಹಳ ಹೆಚ್ಚಿರಬೇಕು, ಆದ್ದರಿಂದ ಬೆಲೆಯಲ್ಲಿ ಶೇಕಡಾ ಎಂಟು ಇಳಿಸಿರಿ ಎಂಬುದು ಅದರ ಸಾರ. ಚೌಕಾಸಿ ನಡೆದು ಶೇಕಡಾ ಐದಕ್ಕೆ ನಿಂತಿತು. ಹತ್ತು ಡಾಲರಿನ ಬಿಡಿಭಾಗ ಒಂಬತ್ತೂವರೆ ಡಾಲರ್ ಆಯಿತು. ಆ ಆರ್ಡರಿನ ಸರಕು ಕಂತು ಕಂತಾಗಿ ಹೋಗಿ ಕೊನೆಯ ಹಣ ಬಂದದ್ದು 2014ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ರಘುರಾಮ್ ರಾಜನ್ ಅವರು ಸೆಪ್ಟೆಂಬರ್ 4ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಬಂದಿದ್ದರು, ಅನಿವಾಸಿ ಭಾರತೀಯರ ಡಾಲರ್ ಠೇವಣಿಗಳು ಹರಿದು ಬಂದಿದ್ದವು, ರೂಪಾಯಿ ಚೇತರಿಸಿಕೊಂಡು 59ಕ್ಕೆ ಬಂದಿತ್ತು. ಒಂಬತ್ತೂವರೆಯನ್ನು 59ರಿಂದ ಗುಣಿಸಿ ನೋಡಿ: 560 ರೂಪಾಯಿ 50 ಪೈಸೆ. ಒಂದು ವರ್ಷದ ಹಿಂದೆ ಹತ್ತು ಡಾಲರಿಗೆ 56ರ ದರದಲ್ಲಿ ನಮಗೆ ಸಿಗುತ್ತಿದ್ದದ್ದು 560 ರೂಪಾಯಿ. ಇಷ್ಟೆಲ್ಲ ಗದ್ದಲದ ನಂತರ ಒಂದು ಬಿಡಿಭಾಗಕ್ಕೆ ನಮಗೆ ಉಳಿದ ಹೆಚ್ಚಳ ಐವತ್ತು ಪೈಸೆ, ಅಷ್ಟರಲ್ಲಿ ಕೂಲಿಯೂ ವಿದ್ಯುತ್ ಬಿಲ್ಲೂ ಉಕ್ಕೂ ಏರಿದ್ದವು. ರೂಪಾಯಿ ಬಿದ್ದಾಗ ರಿಯಾಯಿತಿ ಕೇಳುವ ಗ್ರಾಹಕರು ರೂಪಾಯಿ ಎದ್ದಾಗ ಹೆಚ್ಚು ಕೊಡುತ್ತೇವೆಂದು ಪತ್ರ ಬರೆದದ್ದನ್ನು ನಾನು ಇಂದಿನವರೆಗೂ ಕಂಡಿಲ್ಲ.

ಈ ಎರಡು ಏಟುಗಳಿಂದ ಯಜಮಾನರು ತೆಗೆದುಕೊಂಡ ನಿರ್ಧಾರ ಲೆಕ್ಕದ ದೃಷ್ಟಿಯಿಂದ ಯಾರೂ ತಪ್ಪೆನ್ನಲಾಗದ್ದು. ಕೊಟೇಷನ್ನಿನ ಬೆಲೆ ತೊಂಬತ್ತು ದಿನದ ಬದಲು ಹದಿನೈದು ದಿನ ಮಾತ್ರ ಮಾನ್ಯ, ವರ್ಷಕ್ಕಿಂತ ದೀರ್ಘವಾದ ಸ್ಥಿರ ಬೆಲೆಯ ಒಪ್ಪಂದ ಬೇಡ, ಬೆಲೆಯಲ್ಲಿ ಏರಿಳಿತದ ಬಾಬ್ತು ಶೇಕಡಾ ನಾಲ್ಕನ್ನು ಮೊದಲೇ ಸೇರಿಸಬೇಕು. ಮರುವರ್ಷ ಜರ್ಮನಿಯ ಟ್ರ್ಯಾಕ್ಟರ್ ಬಿಡಿಭಾಗಗಳ ಕಂಪನಿಯೊಂದು ಮೂರು ವರ್ಷಕ್ಕೆ ಸ್ಥಿರ ಬೆಲೆ ಕೇಳಿ ವಿಚಾರಿಸಿತು. ಅವರ ಎಂಜಿನಿಯರ್ ಬಂದು, ಎರಡು ದಿನ ಶಾಪ್ ಫ್ಲೋರಿನಲ್ಲಿ ಸುತ್ತಾಡಿ, ನಮ್ಮ ತಪಾಸಣಾ ಕೊಠಡಿಯನ್ನು ಮೆಚ್ಚಿ, ಹೊರಗೆ ಇಡ್ಲಿ ತಿಂದು ಹೋಗಿದ್ದರು. ನಾವು ಒಂದು ವರ್ಷಕ್ಕಿಂತ ಹೆಚ್ಚಿಗೆ ಬೆಲೆ ಕೊಡಲಿಲ್ಲ. ಅವರು ಬೇರೆ ದೇಶದ ಪೂರೈಕೆದಾರರ ಬಳಿ ಹೋದರು. ಆ ವರ್ಷದ ಆಯವ್ಯಯ ಪಟ್ಟಿಯನ್ನು ನಾನೇ ತಯಾರಿಸಿದೆ. ವಿನಿಮಯ ದರದ ವ್ಯತ್ಯಾಸ ಎಂಬ ಸಾಲಿನಲ್ಲಿ ನಷ್ಟ ಬಹುತೇಕ ಸೊನ್ನೆ ಇತ್ತು. ಆಡಿಟರ್ ಮೆಚ್ಚಿಕೊಂಡರು. ಕೈಬಿಟ್ಟುಹೋದ ಮೂರು ವರ್ಷದ ಆರ್ಡರಿಗೆ ಮಾತ್ರ ಯಾವ ಖಾತೆಯಲ್ಲೂ ಒಂದು ಸಾಲು ಇರಲಿಲ್ಲ.

ಈ ಸಂಗತಿ ತಲೆಗೆ ಹೊಕ್ಕ ಮೇಲೆ ನಾನು ಅರ್ಥಶಾಸ್ತ್ರಜ್ಞರು ಇದರ ಬಗ್ಗೆ ಏನು ಹೇಳಿದ್ದಾರೆಂದು ಓದತೊಡಗಿದೆ. ಪ್ರಶ್ನೆ ಅವರಿಗೆ ಹೊಸದಲ್ಲ. 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ಕೊಂಡಿಯನ್ನು ಕಳಚಿದರು. 1973ರ ಹೊತ್ತಿಗೆ ಪ್ರಮುಖ ಕರೆನ್ಸಿಗಳೆಲ್ಲ ತೇಲತೊಡಗಿದವು. (ನಮ್ಮ ರೂಪಾಯಿ ಮಾರುಕಟ್ಟೆಯ ದರಕ್ಕೆ ತೆರೆದುಕೊಂಡದ್ದು 1993ರ ಮಾರ್ಚಿನಲ್ಲಿ.) ಹೀಗೆ ತೇಲುವ ದರಗಳು ದೇಶದೇಶಗಳ ನಡುವಿನ ವ್ಯಾಪಾರವನ್ನು ಕುಗ್ಗಿಸುತ್ತವೆಯೇ ಎಂದು 1978ರಲ್ಲಿ ಪೀಟರ್ ಹೂಪರ್ ಮತ್ತು ಸ್ಟೀವನ್ ಕೋಲ್‌ಹೇಗನ್ ಅವರು ಅಮೆರಿಕ, ಜರ್ಮನಿ ಮೊದಲಾದ ಕೈಗಾರಿಕಾ ದೇಶಗಳ ಅಂಕಿಅಂಶಗಳನ್ನು ಜಾಲಾಡಿ ನೋಡಿದರು. ಅವರಿಗೆ ಕಂಡದ್ದು ಅನಿರೀಕ್ಷಿತವಾಗಿತ್ತು: ಏರಿಳಿತದ ಪರಿಣಾಮ ಬೆಲೆಗಳ ಮೇಲೆ ಇದೆ, ವ್ಯಾಪಾರದ ಪ್ರಮಾಣದ ಮೇಲೆ ಗಮನಾರ್ಹವಾಗಿ ಇಲ್ಲ. ಅಪಾಯವನ್ನು ಯಾರು ಹೊರುತ್ತಾರೆ, ಮಾರುವವರೋ ಕೊಳ್ಳುವವರೋ, ಎನ್ನುವುದರ ಮೇಲೆ ಬೆಲೆ ಏರುತ್ತದೆ ಅಥವಾ ಇಳಿಯುತ್ತದೆ ಎಂಬುದು ಅವರ ತರ್ಕ. ನಮ್ಮ ಶೇಕಡಾ ನಾಲ್ಕರ ಬಾಬ್ತೂ ಅಮೆರಿಕದವರ ಶೇಕಡಾ ಐದರ ರಿಯಾಯಿತಿಯೂ ಅಲ್ಲಿ ಸೂತ್ರಗಳ ರೂಪದಲ್ಲಿ ಕುಳಿತಿದ್ದವು.

ಬೆಲ್ಜಿಯಂನ ಪಾಲ್ ಡಿ ಗ್ರಾವ್ 1988ರಲ್ಲಿ ಇನ್ನೂ ವಿಚಿತ್ರವಾದ ಮಾತು ಹೇಳಿದರು. ಅಪಾಯಕ್ಕೆ ಬಹಳ ಹೆದರುವ ರಫ್ತುದಾರ ದರ ಅಲುಗಾಡಿದಾಗ ರಫ್ತನ್ನು ಹೆಚ್ಚಿಸಲೂಬಹುದು, ಏಕೆಂದರೆ ಆದಾಯ ತೀರ ಕೆಳಗಿಳಿದುಬಿಟ್ಟರೆ ಗತಿಯೇನು ಎಂಬ ಭಯವೇ ಅವನನ್ನು ಹೆಚ್ಚು ದುಡಿಯಲು ತಳ್ಳುತ್ತದೆ. ಓದಿದಾಗ ನನಗೆ ನಗು ಬಂತು. ಯಂತ್ರದ ಸಾಲದ ಕಂತು ಕಟ್ಟಲು ಎರಡನೆಯ ಪಾಳಿ ಓಡಿಸಿದ ವರ್ಷವೊಂದು ನಮ್ಮಲ್ಲೂ ಇತ್ತು. ಅಂತರರಾಷ್ಟ್ರೀಯ ಹಣಕಾಸು ನಿಧಿ 1984ರಲ್ಲೂ 2004ರಲ್ಲೂ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಒಟ್ಟಾರೆ ವ್ಯಾಪಾರದ ಮೇಲೆ ಎಲ್ಲ ಕಡೆಯೂ ಸ್ಪಷ್ಟವಾಗಿ ಕಾಣುವಂತಹ ದೊಡ್ಡ ಪೆಟ್ಟು ಸಿಗಲಿಲ್ಲ.

ಇದನ್ನೆಲ್ಲ ಓದಿ, ಹಾಗಾದರೆ ಏರಿಳಿತದಿಂದ ತೊಂದರೆಯೇ ಇಲ್ಲ ಎಂದು ತೀರ್ಮಾನಿಸುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ದೇಶದ ಒಟ್ಟು ರಫ್ತಿನ ಅಂಕಿಯಲ್ಲಿ ದೊಡ್ಡ ಕಂಪನಿಗಳದೇ ಸಿಂಹಪಾಲು. ಅವುಗಳ ಬಳಿ ಖಜಾನೆ ವಿಭಾಗವಿದೆ, ಹೊರದೇಶದಲ್ಲಿ ಶಾಖೆಯಿದೆ, ಬ್ಯಾಂಕಿನೊಂದಿಗೆ ಚೌಕಾಸಿ ಮಾಡುವ ತಾಕತ್ತಿದೆ. ಏರಿಳಿತದ ಭಾರ ಬೀಳುವುದು ಕೆಳಗಿನವರ ಮೇಲೆ, ಅಂದರೆ ರಫ್ತು ಮಾಡುತ್ತಿರುವ ಚಿಕ್ಕವರ ಮೇಲೆ ಮತ್ತು ಇನ್ನೂ ರಫ್ತಿಗೆ ಕಾಲಿಡದವರ ಮೇಲೆ. ರಫ್ತಿಗೆ ಬಾರದವರು ರಫ್ತಿನ ಅಂಕಿಯಲ್ಲಿ ಕಾಣಿಸಿಕೊಳ್ಳುವುದಾದರೂ ಹೇಗೆ? ಇತ್ತೀಚಿನ ಅಧ್ಯಯನಗಳು ಒಟ್ಟು ಮೊತ್ತವನ್ನು ಬಿಟ್ಟು ಒಂದೊಂದು ಕಂಪನಿಯ ಲೆಕ್ಕವನ್ನು ನೋಡಲು ಹೊರಟ ಮೇಲೆ ಚಿತ್ರ ಬದಲಾಗಿದೆ. ಯಿನ್-ವಾಂಗ್ ಚೆಯುಂಗ್ ಮತ್ತು ರಾಜೇಶ್ವರಿ ಸೇನ್‌ಗುಪ್ತಾ ಅವರು 2000ದಿಂದ 2010ರವರೆಗಿನ ಭಾರತೀಯ ಕಂಪನಿಗಳ ಲೆಕ್ಕಪತ್ರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೂಪಾಯಿಯ ಏರಿಕೆಯೂ ಅದರ ಏರಿಳಿತವೂ ರಫ್ತಿನ ಪಾಲನ್ನು ತಗ್ಗಿಸುತ್ತವೆ, ರಫ್ತಿನ ಪಾಲು ಚಿಕ್ಕದಿರುವ ಕಂಪನಿಗಳು ಹೆಚ್ಚು ಅಲುಗುತ್ತವೆ ಎಂದು ತೋರಿಸಿದರು. ಚೀನಾದ ಕಂಪನಿಗಳ ಬಗ್ಗೆ ಜೆರೋಮ್ ಎರಿಕೂರ್ ಮತ್ತು ಸಾಂಡ್ರಾ ಪೋನ್ಸೆ ಅವರು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ, ಸಾಲ ಸುಲಭವಾಗಿ ಹುಟ್ಟದ ಕಂಪನಿಗಳಿಗೆ ಪೆಟ್ಟು ಹೆಚ್ಚು ಎಂದೇ ಹೇಳುತ್ತದೆ.

ನಮ್ಮ ಪಕ್ಕದ ರಸ್ತೆಯಲ್ಲಿ ಕಂಪ್ಯೂಟರಿನಿಂದ ನಡೆಯುವ ಎರಡು ಸಿಎನ್‌ಸಿ ಯಂತ್ರಗಳ, ಹನ್ನೆರಡು ಜನರ ಒಂದು ಶೆಡ್ ಇದೆ. ನಮಗೆ ಜಾಬ್ ವರ್ಕ್ ಮಾಡಿಕೊಡುತ್ತಾರೆ. ಅವರ ಕೆಲಸದ ನಯ ನಮ್ಮದಕ್ಕಿಂತ ಒಂದು ಕೈ ಮೇಲು ಎಂದು ನಮ್ಮ ತಪಾಸಣೆಯವರೇ ಒಪ್ಪುತ್ತಾರೆ. ಅವರು ಕಡೆದು ಕೊಟ್ಟ ಸ್ಲೀವ್‌ಗಳು ನಮ್ಮ ಪೆಟ್ಟಿಗೆಯಲ್ಲಿ, ನಮ್ಮ ಹೆಸರಿನಲ್ಲಿ ಅಮೆರಿಕಕ್ಕೆ ಹೋಗುತ್ತವೆ. ನೀವೇ ನೇರವಾಗಿ ಕಳುಹಿಸಬಹುದಲ್ಲವೇ ಎಂದು ಒಮ್ಮೆ ಕೇಳಿದೆ. "ನಂಗೆ ರೂಪಾಯಲ್ಲಿ ಕೊಟ್ಬಿಡಿ ಮೇಡಂ, ಆ ಡಾಲರ್ ತಲೆನೋವು ನಿಮಗೇ ಇರಲಿ" ಎಂದರು. ಅವರಿಗೆ ಫಾರ್ವರ್ಡ್ ಬುಕಿಂಗ್ ಗೊತ್ತಿಲ್ಲವೆಂದಲ್ಲ. ಫಾರ್ವರ್ಡ್ ಕರಾರಿಗೆ ಬ್ಯಾಂಕಿನಲ್ಲಿ ಮಿತಿ ಮಂಜೂರಾಗಿರಬೇಕು, ಮಿತಿ ಮಂಜೂರಾಗಲು ಅಡಮಾನ ಬೇಕು, ಅವರ ಯಂತ್ರಗಳೂ ಮನೆಯೂ ಆಗಲೇ ಅಡವಿದ್ದವು. ರಫ್ತುದಾರರಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ಸಾಮಾನ್ಯ ವಿಮೆ ಗ್ರಾಹಕ ಹಣ ಕೊಡದಿದ್ದರೆ ನೆರವಿಗೆ ಬರುತ್ತದೆ. ಗ್ರಾಹಕ ಪೂರ್ತಿ ಹಣ ಕೊಟ್ಟು ಅಷ್ಟರಲ್ಲಿ ದರ ಬಿದ್ದಿದ್ದರೆ ಅದು ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ಅವರು ನಮಗೆ ಬಿಟ್ಟುಕೊಡುತ್ತಿರುವ ಲಾಭದಲ್ಲಿ ಒಂದು ಭಾಗ ನಮ್ಮ ಮಾರಾಟದ ಶ್ರಮಕ್ಕೆ ಸಲ್ಲುತ್ತದೆ, ಇನ್ನೊಂದು ಭಾಗ ಆರು ತಿಂಗಳ ತಲೆನೋವನ್ನು ನಾವು ಹೊತ್ತದ್ದಕ್ಕೆ ಅವರು ಕೊಡುವ ಬಾಡಿಗೆ.

ಇನ್ನು 2022ರ ಮಾತು. ಆ ವರ್ಷ ಜುಲೈನಲ್ಲಿ ಡಾಲರ್ 80 ರೂಪಾಯಿ ತಲುಪಿದಾಗ ಪತ್ರಿಕೆಗಳೆಲ್ಲ ರೂಪಾಯಿಯ ಐತಿಹಾಸಿಕ ಕುಸಿತವೆಂದು ಬರೆದವು, ಮಗನ ಮದುವೆಯ ಆಮಂತ್ರಣ ಕೊಡಲು ಬಂದ ನೆಂಟರೊಬ್ಬರು ನಿಮಗೇನು ಬಿಡಿ, ರಫ್ತಿನವರು ಎಂದು ಅಭಿನಂದಿಸಿಯೂ ಹೋದರು. ನನ್ನ ಪುಸ್ತಕದಲ್ಲಿ ನಡೆದದ್ದು ತಿರುವುಮುರುವಾಗಿತ್ತು. ನಮ್ಮ ಮಾರಾಟದ ಹೆಚ್ಚಿನ ಭಾಗ ಆ ಹೊತ್ತಿಗೆ ಜರ್ಮನಿಗೆ, ಯೂರೋದಲ್ಲಿ ಹೋಗುತ್ತಿತ್ತು. ಉಕ್ಕಿನ ಬಿಲ್ಲು ಡಾಲರಿನಲ್ಲಿ ಬರುತ್ತಿತ್ತು. ಉಕ್ರೇನ್ ಯುದ್ಧ ಮತ್ತು ಅನಿಲದ ಅಭಾವದಿಂದ ಬಳಲಿದ ಯೂರೋ ಅದೇ ಜುಲೈನಲ್ಲಿ ಡಾಲರಿಗೆ ಸಮನಾಗಿಬಿಟ್ಟಿತು. ವರ್ಷದ ಆರಂಭದಲ್ಲಿ 84 ರೂಪಾಯಿ ಇದ್ದ ಯೂರೋ 80ಕ್ಕೆ ಇಳಿದಿತ್ತು, 74ರ ಸುಮಾರಿನಲ್ಲಿದ್ದ ಡಾಲರ್ 80ಕ್ಕೆ ಏರಿತ್ತು. ಬರುವ ಹಣ ಕಡಿಮೆಯಾಗಿ ಹೋಗುವ ಹಣ ಹೆಚ್ಚಾಯಿತು. ಹದಿನಾರು ವರ್ಷ ಬೆಳಿಗ್ಗೆ ಬೆಳಿಗ್ಗೆ ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೇ ನಮ್ಮ ದಾರಿ ತಪ್ಪಿಸಿತ್ತು. ನಮಗೆ ಬೇಕಾಗಿದ್ದದ್ದು ಯೂರೋ ಮತ್ತು ಡಾಲರಿನ ನಡುವಿನ ದರ, ಅಂದರೆ ರೂಪಾಯಿಯೇ ಇಲ್ಲದ ದರ.

ಇದರ ಹಿಂದಿನ ಕಾರಣವನ್ನು ವಿವರಿಸಿದವರು ಮೈಸೂರಿನಲ್ಲಿ ಶಾಲೆ ಕಲಿತ ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್. ಭಾರತದ ಆಮದಿನಲ್ಲಿ ಅಮೆರಿಕದಿಂದ ಬರುವುದು ಶೇಕಡಾ 5ರಷ್ಟು ಮಾತ್ರವಾದರೂ ಶೇಕಡಾ 86ರಷ್ಟಕ್ಕೆ ಬಿಲ್ಲು ಡಾಲರಿನಲ್ಲೇ ಆಗುತ್ತದೆ ಎಂದು 2015ರಲ್ಲಿ ಅವರು ಮಂಡಿಸಿದ ಪ್ರಬಂಧದಲ್ಲಿತ್ತು. ಕೊರಿಯಾದ ಉಕ್ಕು ಬೆಂಗಳೂರಿಗೆ ಬರುವಾಗ ಕೊರಿಯಾದ ವೋನ್ ಆಗಲಿ ನಮ್ಮ ರೂಪಾಯಿಯಾಗಲಿ ಮುಖ್ಯವಲ್ಲ, ಇಬ್ಬರ ನಡುವೆ ಡಾಲರ್ ಕುಳಿತಿದೆ. ಎರಡು ದೇಶಗಳ ನಡುವಿನ ದರದ ಏರಿಳಿತವನ್ನಷ್ಟೇ ಅಳೆದು ಅವುಗಳ ವ್ಯಾಪಾರವನ್ನು ವಿವರಿಸಲು ಹೊರಟ ಹಳೆಯ ಅಧ್ಯಯನಗಳಿಗೆ ಸ್ಪಷ್ಟ ಉತ್ತರ ಸಿಗದಿದ್ದದ್ದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ. ಅದೇ 2022ರ ಜುಲೈ 11ರಂದು ರಿಸರ್ವ್ ಬ್ಯಾಂಕು ರೂಪಾಯಿಯಲ್ಲೇ ವಿದೇಶಿ ವ್ಯಾಪಾರದ ಬಿಲ್ಲು ಮಾಡಲು ವ್ಯವಸ್ಥೆಯನ್ನು ತೆರೆಯಿತು. ನಮ್ಮ ಜರ್ಮನಿಯ ಗ್ರಾಹಕರಿಗೆ ನಾನು ಆಸೆಯಿಂದ ಬರೆದೆ. ಸೌಜನ್ಯದಿಂದಲೇ ಒಲ್ಲೆವೆಂದರು, ಅಪಾಯವನ್ನು ಅವರಾದರೂ ಏಕೆ ಹೊರಬೇಕು?

2023ರಲ್ಲಿ ಎಲ್ಲವೂ ಶಾಂತವಾಯಿತು. ಇಡೀ ವರ್ಷ ಡಾಲರ್ 81ರಿಂದ 83ರ ಆಸುಪಾಸಿನಲ್ಲೇ ಇತ್ತು. ವರ್ಷದ ಮೊದಲ ದಿನಕ್ಕೂ ಕೊನೆಯ ದಿನಕ್ಕೂ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಯಾವುದೇ ಮಟ್ಟವನ್ನು ಹಿಡಿದಿಡುವುದು ತನ್ನ ಉದ್ದೇಶವಲ್ಲ, ಅತಿಯಾದ ಏರಿಳಿತವನ್ನು ತಗ್ಗಿಸುವುದಷ್ಟೇ ತನ್ನ ಕೆಲಸ ಎಂದು ರಿಸರ್ವ್ ಬ್ಯಾಂಕು ಸದಾ ಹೇಳುತ್ತದೆ. ಆ ವರ್ಷ ಏರಿಳಿತವೇ ಮಾಯವಾದಂತಿತ್ತು. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ, ಅಮೆರಿಕದ ಬಡ್ಡಿ ಏರಿ ಫಾರ್ವರ್ಡ್ ಪ್ರೀಮಿಯಂ ಇಷ್ಟು ಕಡಿಮೆಯಾಗಿರುವಾಗ ಬುಕಿಂಗಿನ ಗೋಜು ಯಾಕೆ ಮೇಡಂ ಎಂದು ಕೇಳಿದ. ನಾನೂ ಅರೆಮನಸ್ಸಿನಿಂದ ಒಪ್ಪಿ ಬುಕಿಂಗನ್ನು ಕಡಿಮೆ ಮಾಡಿದೆ. ದರ ಕದಲದಂತೆ ಕಂಡ ದಿನಗಳಲ್ಲೇ ಆಮದುದಾರನಿಗೆ ರಕ್ಷಣೆ ಅಗ್ಗವಾಗಿ ಸಿಗುತ್ತದೆ, ಆಗಲೇ ಯಾರಿಗೂ ಅದು ಬೇಕೆನ್ನಿಸುವುದಿಲ್ಲ. 2025ರ ಫೆಬ್ರುವರಿಯಲ್ಲಿ ಡಾಲರ್ 87 ದಾಟಿತು, ಮೇ ತಿಂಗಳ ಮೊದಲ ವಾರ 84ರ ಸುತ್ತಮುತ್ತ ಬಂತು, ಡಿಸೆಂಬರಿನಲ್ಲಿ 90 ದಾಟಿತು. ಹುಡುಗ ಈಗ ಪ್ರತಿ ಸೋಮವಾರ ಬರುವ ಹಣ, ಹೋಗುವ ಹಣ, ನಿವ್ವಳ ಎಂಬ ಮೂರು ಕಲಮುಗಳನ್ನು ಡಾಲರಿಗೊಂದು, ಯೂರೋಗೊಂದು ಎಂದು ಪ್ರತ್ಯೇಕವಾಗಿ ಬರೆದು ತರುತ್ತಾನೆ. ನಿವ್ವಳದ ಮೂರನೆಯ ಎರಡು ಭಾಗವನ್ನು ಮಾತ್ರ ಕಂತು ಕಂತಾಗಿ ಬುಕ್ ಮಾಡುತ್ತೇವೆ.

ಜರ್ಮನಿಯವರ ಆರ್ಡರ್ ಕೈತಪ್ಪಿದಾಗಿನಿಂದ ನಾನು ಇನ್ನೊಂದು ಪುಸ್ತಕವನ್ನೂ ಇಟ್ಟಿದ್ದೇನೆ, ಉದ್ದನೆಯ ಹಳೆಯ ಲೆಡ್ಜರ್. ಆಡಿಟರಿಗೆ ಅದನ್ನು ತೋರಿಸುವ ಅಗತ್ಯವಿಲ್ಲ. ಬಂದ ವಿಚಾರಣೆ, ಕೇಳಿದ ಅವಧಿ, ನಾವು ಬೆಲೆ ಕೊಡದಿದ್ದಕ್ಕೆ ಅಥವಾ ಕೊಟ್ಟ ಬೆಲೆ ಒಪ್ಪಿಗೆಯಾಗದಿದ್ದಕ್ಕೆ ಕಾರಣ, ಇಷ್ಟೇ ಅದರಲ್ಲಿರುವುದು. ಯಜಮಾನರು ವರ್ಷಕ್ಕೊಮ್ಮೆ ಅದನ್ನು ತಿರುವಿ ನೋಡುತ್ತಾರೆ. ಕಳೆದ ಜನವರಿಯಲ್ಲಿ ನೋಡಿದ ಮೇಲೆ, ನಂಬಿಕೆಯ ಗ್ರಾಹಕರಿಗೆ ಕೊಟೇಷನ್ನಿನ ಗಡುವನ್ನು ಹದಿನೈದರಿಂದ ನಲವತ್ತೈದು ದಿನಕ್ಕೆ ಏರಿಸಿದರು, ದರ ಒಂದು ಗೆರೆ ದಾಟಿದರೆ ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವ ಷರತ್ತನ್ನು ಸೇರಿಸಲು ಹೇಳಿದರು.

ಹೋದ ತಿಂಗಳು ಪಕ್ಕದ ಶೆಡ್ಡಿನವರು ಒಂದು ಹಾಳೆ ಹಿಡಿದುಕೊಂಡು ಬಂದರು. ಅಮೆರಿಕದ ಚಿಕ್ಕ ಕಂಪನಿಯೊಂದು ಅವರನ್ನೇ ಹುಡುಕಿ ನೇರವಾಗಿ ವಿಚಾರಿಸಿತ್ತು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬೆಲೆ ಹೊಂದುತ್ತಿತ್ತು, ಅವಧಿಯೂ ಹೊಂದುತ್ತಿತ್ತು. "ಆರು ತಿಂಗಳಾದ್ಮೇಲೆ ಡಾಲರ್ ಎಷ್ಟಿರುತ್ತೆ ಮೇಡಂ?" ಎಂದು ಕೇಳಿದರು. ಅದು ಯಾರಿಗೂ ಗೊತ್ತಿಲ್ಲ, ಇಂದು ಬ್ಯಾಂಕು ಬರೆದುಕೊಡುವ ಫಾರ್ವರ್ಡ್ ದರ ಇಷ್ಟು ಎಂದು ತೋರಿಸಿದೆ. ಅವರು ತಮ್ಮ ಬ್ಯಾಂಕಿಗೆ ಹೋಗಿ ಕೇಳಿ ಬಂದರು, ಮಿತಿ ಮಂಜೂರಾಗಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ನಿಮ್ಮ ಹೆಸರಲ್ಲೇ ಕಳಿಸುತ್ತೇವೆ ಅಂದರೆ ಆ ಕಂಪನಿಯವರು ಒಪ್ಪುತ್ತಾರೋ ಕೇಳೋಣ ಎಂದರು. ನಮ್ಮ ಕಾರ್ಖಾನೆಗೆ ಬಂದ ವಿಚಾರಣೆ ಅದಲ್ಲವಾದರೂ, ಅವರು ಹೋದ ಮೇಲೆ ನಾನು ಆ ಲೆಡ್ಜರ್ ತೆಗೆದು ತಾರೀಖು ಹಾಕಿ ಅದನ್ನೂ ಒಂದು ಸಾಲು ಬರೆದೆ.